ಮೂರೂಕಾಲೋ ನಾಲ್ಕೂಕಾಲೋ

1960ರ ದಶಕದ ಕೊನೆಯಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಹೊಸ ಕಾರು ಬರೆಸಲು ಷೋರೂಮಿಗೆ ಹೋದವನು ಬಣ್ಣ, ಸೀಟು, ರೇಡಿಯೊ, ಎಂಜಿನ್ನು ಎಲ್ಲ ಆರಿಸಿ ಮುಗಿಸಿದ ಮೇಲೆ ಇನ್ನೊಂದು ಅಂಕಿ ಹೇಳಬಹುದಿತ್ತು. 3.23, 3.55, 3.91, 4.10, 4.30, ಹೀಗೆ. ಹಿಂದಿನ ಆ್ಯಕ್ಸಲ್ ಹೌಸಿಂಗಿನೊಳಗೆ ಎಣ್ಣೆಯಲ್ಲಿ ಮುಳುಗಿ ಕೂತ ಎರಡು ಗೇರುಗಳ, ದೊಡ್ಡ ಕ್ರೌನ್ ಮತ್ತು ಸಣ್ಣ ಪಿನಿಯನ್ನಿನ, ಹಲ್ಲುಗಳ ಲೆಕ್ಕ ಅದು. ಕಾರಿನ ಮೈಮೇಲೆ ಎಲ್ಲಿಯೂ ಅದರ ಬ್ಯಾಡ್ಜ್ ಇರುತ್ತಿರಲಿಲ್ಲ. ಆದರೆ ಆ ಕಾರು ಸಿಗ್ನಲ್ಲಿನಲ್ಲಿ ಹೇಗೆ ಹಾರುತ್ತದೆ, ಹೆದ್ದಾರಿಯಲ್ಲಿ ಎಷ್ಟು ಗದ್ದಲ ಮಾಡುತ್ತದೆ, ಟ್ಯಾಂಕು ಎಷ್ಟು ಬೇಗ ಬರಿದಾಗುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದದ್ದು ಅದೇ.

ನಾನು ಬೆಂಗಳೂರಿನ ಪೀಣ್ಯದ ಗೇರ್ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಮಿಷಿಗನ್‌ಗೆ ಬಂದ ಮೇಲೂ ಆ್ಯಕ್ಸಲ್ ಗೇರುಗಳ ತಪಾಸಣೆಯಲ್ಲೇ ದುಡಿದು ನಿವೃತ್ತನಾದೆ. ಅಮೆರಿಕದ ಆ ಕಾಲದ ಕಾರುಗಳ ಚರಿತ್ರೆ ಬರೆಯುವವರು ಎಂಜಿನ್ನಿನ ಕುದುರೆಶಕ್ತಿಗೆ ಪುಟಗಟ್ಟಲೆ ಜಾಗ ಕೊಡುತ್ತಾರೆ, ಆ್ಯಕ್ಸಲ್ಲಿಗೆ ಒಂದು ಸಾಲು ಕೊಟ್ಟರೆ ಹೆಚ್ಚು. ನನಗೆ ಆ ಕಾಲವನ್ನು ಸರಿಯಾಗಿ ತೋರಿಸುವುದು ಆ ಒಂದು ಸಾಲೇ. ಎಂಜಿನ್ ಆರಿಸುವಾಗ ತನಗೆ ಏನು ಬೇಕು ಎಂದಷ್ಟೇ ಹೇಳಿದರೆ ಸಾಕಿತ್ತು. ಆ್ಯಕ್ಸಲ್ ಆರಿಸುವಾಗ ಏನನ್ನು ಬಿಟ್ಟುಕೊಡುತ್ತೇನೆ ಎಂಬುದನ್ನೂ ಹೇಳಬೇಕಿತ್ತು.

ವಿಷಯ ಸರಳ. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಹಲ್ಲು ಇದ್ದರೆ ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ಹಾಕಬೇಕು. ಅಂಕಿ ಏರಿದಷ್ಟೂ ಚಕ್ರಕ್ಕೆ ಎಳೆತ ಹೆಚ್ಚು, ನಮ್ಮ ಕಡೆಯ ಮಾತಿನಲ್ಲಿ ಪಿಕಪ್ ಹೆಚ್ಚು. ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು, ಮೈಲೇಜ್ ಬೀಳುತ್ತದೆ. ಮಲೆನಾಡಿನ ಜೀಪಿನವರಿಗೆ ಇದನ್ನು ವಿವರಿಸಬೇಕಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನ ಆ್ಯಕ್ಸಲ್ 39ಕ್ಕೆ 8, ಎಂದರೆ 4.88. ಮಹೀಂದ್ರ ನಮ್ಮಲ್ಲಿ ತಯಾರಿಸಿದ ಸಿಜೆ-3ಬಿ ಮಾದರಿಯದು 43ಕ್ಕೆ 8, ಎಂದರೆ 5.38. ಘಾಟಿ ಹತ್ತಲು ಅದಕ್ಕಿಂತ ಒಳ್ಳೆಯ ಅಂಕಿ ಇಲ್ಲ, ಹೆದ್ದಾರಿಗೆ ಅದಕ್ಕಿಂತ ಹಿಂಸೆಯ ಅಂಕಿಯೂ ಇಲ್ಲ.

ಆರಂಭದಲ್ಲಿ ಗಿರಾಕಿಗೆ ಈ ಆಯ್ಕೆ ಇರಲಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿಗೆ 40 ಹಲ್ಲಿನ ಕ್ರೌನ್, 11 ಹಲ್ಲಿನ ಪಿನಿಯನ್, ಎಂದರೆ 3.64. ಗುಡ್ಡಗಾಡಿನವರು, ಭಾರ ಹೇರುವವರು ಹೊರಗಿನಿಂದ ರಕ್‌ಸ್ಟೆಲ್ ಎಂಬ ಎರಡು ವೇಗದ ಆ್ಯಕ್ಸಲ್ ತಂದು ಹಾಕಿಸಿಕೊಳ್ಳುತ್ತಿದ್ದರು. 1930ರ ದಶಕದಲ್ಲಿ ಇದರ ಉಲ್ಟಾ ಕೆಲಸಕ್ಕೆ ಕೊಲಂಬಿಯಾ ಎಂಬ ಆ್ಯಕ್ಸಲ್ ಬಂತು. ಎಂಜಿನ್ನಿನ ನಿರ್ವಾತದ ಬಲದಿಂದಲೇ ಗೇರು ಬದಲಾಯಿಸಿ, ಉದ್ದದ ದಾರಿಯಲ್ಲಿ ಫೋರ್ಡ್ ವಿ-8 ಎಂಜಿನ್ನಿಗೆ ಉಸಿರಾಡಲು ಬಿಡುತ್ತಿತ್ತು. ಒಂದೇ ಅಂಕಿ ಊರಿಗೂ ಹೆದ್ದಾರಿಗೂ ಹೊಂದುವುದಿಲ್ಲ ಎಂಬುದು ಜನರಿಗೆ ಆಗಲೇ ಗೊತ್ತಿತ್ತು.

ನಡುವೆ ಗೇರು ಕತ್ತರಿಸುವ ಕಸುಬಿನಲ್ಲೇ ಒಂದು ದೊಡ್ಡ ಬದಲಾವಣೆ ಆಯಿತು. ಅದನ್ನು ಬಿಟ್ಟು ಮುಂದಕ್ಕೆ ಹೋಗಲು ನನಗೆ ಮನಸ್ಸಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಗ್ಲೀಸನ್ ಕಂಪನಿಯವರು ಓರೆ ಗೇರು ಕತ್ತರಿಸುವ ಯಂತ್ರವನ್ನು 1874ರಷ್ಟು ಹಿಂದೆಯೇ ಮಾಡಿದವರು. 1920ರ ದಶಕದ ನಡುವೆ ಅವರು ಹೈಪಾಯ್ಡ್ ಗೇರನ್ನು ತಂದರು. ಅದುವರೆಗೆ ಪಿನಿಯನ್ ಕ್ರೌನಿನ ನಟ್ಟನಡುವಿಗೆ ನೇರವಾಗಿ ಬಂದು ಕೂಡುತ್ತಿತ್ತು. ಹೈಪಾಯ್ಡ್‌ನಲ್ಲಿ ಪಿನಿಯನ್ ಆ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಶಾಫ್ಟ್ ಕೆಳಗಿಳಿಯಿತು, ಜೊತೆಗೆ ಕಾರಿನ ನೆಲವೂ ಕೆಳಗಿಳಿಯಿತು. ಪಿನಿಯನ್ನಿನ ಹಲ್ಲು ದಪ್ಪವಾಯಿತು, ಒಂದೇ ಹೊತ್ತಿಗೆ ಹೆಚ್ಚು ಹಲ್ಲುಗಳು ಭಾರ ಹಂಚಿಕೊಂಡವು, ಸದ್ದು ಅಡಗಿತು. 1926ರಲ್ಲಿ ಪ್ಯಾಕಾರ್ಡ್ ಕಂಪನಿ ಇದನ್ನು ತನ್ನ ಕಾರಿಗೆ ಹಾಕಿತು. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಜಾರುವುದೂ ಹೆಚ್ಚಾಗಿದ್ದರಿಂದ ಮಾಮೂಲಿ ಎಣ್ಣೆ ನಿಲ್ಲಲಿಲ್ಲ, ಗಂಧಕ ಬೆರೆತ ಎಣ್ಣೆ ಬೇಕಾಯಿತು. ಆ್ಯಕ್ಸಲ್ ಬಿಚ್ಚಿದಾಗ ಬರುವ ಆ ಕಟು ವಾಸನೆ ಅಲ್ಲಿಂದ ಬಂದದ್ದು, ಎಷ್ಟು ತೊಳೆದರೂ ಕೈ ಬಿಡದು. ಗ್ಲೀಸನ್ ಯಂತ್ರಗಳು ಬೆಂಗಳೂರಿಗೂ ಬಂದವು. ನಾನು ಕ್ರೌನಿನ ಹಲ್ಲು ಕತ್ತರಿಸುವುದನ್ನು ಮೊದಲು ನೋಡಿದ್ದು ಅಂಥದೊಂದು ಯಂತ್ರದ ಮೇಲೆ.

ಈ ಅಂಕಿಗಳು 3.55, 3.73, 4.11 ಎಂದು ವಕ್ರವಕ್ರವಾಗಿರುವುದು ಏಕೆ ಎಂದು ಹೊಸಬರು ಕೇಳುತ್ತಾರೆ. ನೇರವಾಗಿ ಮೂರೂವರೆ, ನಾಲ್ಕು ಎಂದು ಮಾಡಬಾರದೇ? 3.55 ಎಂದರೆ 39ಕ್ಕೆ 11. 3.73 ಎಂದರೆ 41ಕ್ಕೆ 11. 4.11 ಎಂದರೆ 37ಕ್ಕೆ 9. ಯಾವ ಜೋಡಿಗೂ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಂತೆ ಮುಟ್ಟುತ್ತದೆ, ಸವೆತ ಎಲ್ಲ ಕಡೆ ಸಮನಾಗಿ ಹರಡುತ್ತದೆ. 39ಕ್ಕೆ 13 ಮಾಡಿದರೆ ಸರಿಯಾಗಿ 3.00 ಬರುತ್ತದೆ. ಆದರೆ ಪಿನಿಯನ್ನಿನ ಒಂದು ಹಲ್ಲು ಆಯುಷ್ಯವಿಡೀ ಕ್ರೌನಿನ ಅದೇ ಮೂರು ಹಲ್ಲುಗಳನ್ನು ಮುಟ್ಟುತ್ತಿರುತ್ತದೆ. ಫೋರ್ಡ್ ಇಂಥ ಜೋಡಿಗಳನ್ನು ಮಾಡುವಾಗ ಹಲ್ಲಿನ ಮೇಲೆ ಗುರುತು ಹಾಕಿ ಕಳಿಸುತ್ತಿತ್ತು. ಬಿಚ್ಚಿ ಮತ್ತೆ ಕೂರಿಸುವವರು ಆ ಗುರುತುಗಳನ್ನು ಎದುರುಬದುರು ಇಡಬೇಕು. ಇನ್ನೊಂದು ಮಾತು: ಕ್ರೌನಿನ ವ್ಯಾಸ ಬದಲಾಗದೆ ಅಂಕಿ ಏರಬೇಕಾದರೆ ಪಿನಿಯನ್ ಸಣ್ಣದಾಗಬೇಕು. 41ಕ್ಕೆ 9 ಎಂದರೆ 4.56, ಆ ಪಿನಿಯನ್ ನೋಡಿದರೇ ತೆಳ್ಳಗೆ. ಹೆಚ್ಚು ಎಳೆತ ಬೇಡುವವನ ಕೈಗೆ ಸಿಗುವುದು ಕಡಿಮೆ ಬಲದ ಪಿನಿಯನ್.

ಪಂದ್ಯದವರು ಈ ಕಟ್ಟಿನಿಂದ ಬಿಡಿಸಿಕೊಳ್ಳಲು ಕ್ಯಾಲಿಫೋರ್ನಿಯದಲ್ಲಿ ಒಂದು ದಾರಿ ಹುಡುಕಿದರು. ಅಲ್ಲಿನ ಒಣಗಿದ ಕೆರೆಗಳ ನೆಲದ ಮೇಲೆ ಕಾರು ಓಡಿಸುವವರು 1937ರಲ್ಲೇ ಸಂಘ ಕಟ್ಟಿಕೊಂಡಿದ್ದರು. ವಿಮಾನ ಕಾರ್ಖಾನೆಯಲ್ಲಿ ಪಳಗಿದ ಟೆಡ್ ಹ್ಯಾಲಿಬ್ರಾಂಡ್, ಯುದ್ಧದ ನಂತರದ ವರ್ಷಗಳಲ್ಲಿ ಕ್ವಿಕ್-ಚೇಂಜ್ ಆ್ಯಕ್ಸಲ್ಲನ್ನು ಹೆಸರುವಾಸಿ ಮಾಡಿದ. ಹೌಸಿಂಗಿನ ಬೆನ್ನಿಗೆ ಒಂದು ಮುಚ್ಚಳ, ಅದರೊಳಗೆ ನೇರ ಹಲ್ಲಿನ ಎರಡು ಗೇರು. ನಟ್ಟುಗಳನ್ನು ಬಿಚ್ಚಿ ಆ ಎರಡನ್ನು ಹೊರಗೆಳೆದು ಬೇರೆ ಜೋಡಿ ತೂರಿಸಿದರೆ ಆ್ಯಕ್ಸಲ್ಲಿನ ಅಂಕಿಯೇ ಬೇರೆ. ಅದೇ ಜೋಡಿಯನ್ನು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹಾಕಿದರೆ ಇನ್ನೊಂದು ಅಂಕಿ. ಕ್ರೌನ್-ಪಿನಿಯನ್ ಮುಟ್ಟಬೇಕಿಲ್ಲ. ಮೈದಾನದಲ್ಲೇ, ಗಾಳಿ ನೋಡಿ, ನೆಲ ನೋಡಿ ಬದಲಾಯಿಸಬಹುದು. ಆದರೆ ಆ ನೇರ ಹಲ್ಲುಗಳ ಊಳು ಇಡೀ ಬೀದಿಗೆ ಕೇಳಿಸುತ್ತದೆ.

ದಿನವೂ ಕೆಲಸಕ್ಕೆ ಹೋಗುವ ಕಾರಿಗೆ ಅದು ಆಗದ ಮಾತು. ಅಲ್ಲಿ 1957ರಲ್ಲಿ ಬಂದ ಫೋರ್ಡಿನ 9 ಇಂಚಿನ ಆ್ಯಕ್ಸಲ್ ಗೆದ್ದಿತು. ಅದರಲ್ಲಿ ಕ್ರೌನ್, ಪಿನಿಯನ್, ಬೇರಿಂಗು ಎಲ್ಲ ಒಂದೇ ಗುಂಡಿಗೆಯಾಗಿ ಹೌಸಿಂಗಿನ ಮುಂದಿನಿಂದ ಹೊರಬರುತ್ತದೆ. 3.50 ಇದ್ದದ್ದನ್ನು ತೆಗೆದು, ಮೊದಲೇ ಹೊಂದಿಸಿಟ್ಟ 4.30ರ ಗುಂಡಿಗೆಯನ್ನು ಕೂರಿಸಲು ಒಂದು ಮಧ್ಯಾಹ್ನ ಸಾಕು. ಕ್ರೈಸ್ಲರಿನ ಎಂಟೂ ಮುಕ್ಕಾಲು ಇಂಚಿನ ಆ್ಯಕ್ಸಲ್ಲೂ ಹೀಗೆಯೇ. ಜನರಲ್ ಮೋಟರ್ಸಿನವರ 1960ರ ದಶಕದ ಕೊನೆಯ ಆ್ಯಕ್ಸಲ್ಲುಗಳು ಹಾಗಲ್ಲ, ಕ್ರೌನ್-ಪಿನಿಯನ್ನನ್ನು ಹೌಸಿಂಗಿನೊಳಗೇ ಶಿಮ್ ಎಂಬ ತೆಳು ಬಿಲ್ಲೆ ಹಾಕಿ ಹೊಂದಿಸಬೇಕು. ಪಿನಿಯನ್ ಎಷ್ಟು ಆಳಕ್ಕೆ ಕೂತಿದೆ, ಹಲ್ಲುಗಳ ನಡುವೆ ಎಷ್ಟು ಸಡಿಲ ಇದೆ ಎಂದು ಇಂಚಿನ ಸಾವಿರದ ಭಾಗಗಳಲ್ಲಿ ಅಳೆದು, ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ತಿರುಗಿಸಿ, ಮೂಡಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಅಂಚಿಗೆ ಸರಿದಿದೆಯೇ ನೋಡಬೇಕು. ನನ್ನ ದುಡಿಮೆಯ ಬಹುಪಾಲು ಆ ಗುರುತು ನೋಡುವುದರಲ್ಲೇ ಕಳೆಯಿತು, ಅದಕ್ಕೆ ನನಗೆ ಹೆಮ್ಮೆಯಿದೆ. ಕಾರ್ಖಾನೆಯಲ್ಲಿ ಕ್ರೌನ್ ಮತ್ತು ಪಿನಿಯನ್ನನ್ನು ಒಟ್ಟಿಗೆ ಉಜ್ಜಿ ಜೋಡಿ ಮಾಡಿ ಒಂದೇ ನಂಬರು ಹಾಕುತ್ತಾರೆ. ಆ ಜೋಡಿಯನ್ನು ಒಮ್ಮೆ ಅಗಲಿಸಿದರೆ ಮತ್ತೆ ಯಾವ ಶಿಮ್ಮೂ ಅದರ ಊಳು ನಿಲ್ಲಿಸಲಾರದು.

ಇನ್ನು ಈ ಅಂಕಿಗಳ ಪರೀಕ್ಷೆ ನಡೆಯುತ್ತಿದ್ದ ಬೀದಿ, ವುಡ್‌ವರ್ಡ್ ಅವೆನ್ಯೂ. ಡೆಟ್ರಾಯಿಟ್ ನದಿಯ ಬಳಿ ಹೊರಟು ಪಾಂಟಿಯಾಕ್ ಊರಿನವರೆಗೆ ಹೋಗುವ ಸುಮಾರು 27 ಮೈಲಿ ರಸ್ತೆ. 1909ರಲ್ಲಿ ಇದೇ ರಸ್ತೆಯ ಒಂದು ಮೈಲಿಗೆ ಕಾಂಕ್ರೀಟು ಹಾಸಿದ್ದು ದೇಶದಲ್ಲೇ ಹೆಸರಾಯಿತು. 1950, 60ರ ದಶಕಗಳಲ್ಲಿ ಸಂಜೆಯಾದರೆ ರಾಯಲ್ ಓಕ್ ಊರಿನಿಂದ ಬ್ಲೂಮ್‌ಫೀಲ್ಡ್ ಕಡೆಗೆ ಡ್ರೈವ್-ಇನ್ ಹೋಟೆಲಿನಿಂದ ಡ್ರೈವ್-ಇನ್ ಹೋಟೆಲಿಗೆ ಹುಡುಗರು ಕಾರು ಓಡಿಸುತ್ತಿದ್ದರು, ಕೆಂಪು ದೀಪ ಹಸಿರಾದರೆ ಪಂದ್ಯ. ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಆದರೂ ಕಾರು ಕಂಪನಿಗಳ ಎಂಜಿನಿಯರುಗಳು ಕೂಡ ರಾತ್ರಿ ಅಲ್ಲಿಗೆ ಬರುತ್ತಿದ್ದರು. ಅದೇ ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಎಂಬ ಡೀಲರು ಜಿಟಿಓ ಕಾರುಗಳನ್ನು ಹದಗೊಳಿಸಿ ಬಾಬ್‌ಕ್ಯಾಟ್ ಎಂಬ ಹೆಸರಿನಲ್ಲಿ ಮಾರಿದ.

ಆ ಹುಡುಗರು ಮಾಡುತ್ತಿದ್ದ ಲೆಕ್ಕ ನೋಡಿ. ಗಂಟೆಗೆ ಎಷ್ಟು ಮೈಲಿ ಎಂಬುದನ್ನು 336ರಿಂದ ಗುಣಿಸಿ, ಆ್ಯಕ್ಸಲ್ ಅಂಕಿಯಿಂದ ಮತ್ತೆ ಗುಣಿಸಿ, ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂದು ಬರುತ್ತದೆ. ಟೈರು 26 ಇಂಚು, ಕಾಲು ಮೈಲಿಯ ಪಂದ್ಯದ ಕೊನೆಗೆ ಕಾರು 100 ಮೈಲಿ ವೇಗ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. 4.10 ಹಾಕಿದರೆ ಗೆರೆ ದಾಟುವಾಗ ಎಂಜಿನ್ ಸುಮಾರು 5,300ರಲ್ಲಿ ಇರುತ್ತದೆ, ಆ ಕಾಲದ ದೊಡ್ಡ ವಿ-8 ಎಂಜಿನ್ನಿಗೆ ಪೂರ್ತಿ ಬಲ ಬರುವ ಜಾಗ. 3.23 ಇದ್ದರೆ ಅದೇ ಗೆರೆಯಲ್ಲಿ 4,200 ಕೂಡ ಇಲ್ಲ, ಬಲವೆಲ್ಲ ಒಳಗೇ ಉಳಿಯಿತು. ಭಾನುವಾರ ಡೆಟ್ರಾಯಿಟ್ ಡ್ರ್ಯಾಗ್‌ವೇ ಮೈದಾನಕ್ಕೆ ಹೋಗುವವನಿಗೆ 4.10 ಸರಿ. ಆದರೆ ಸೋಮವಾರ ಅವನೇ 70 ಮೈಲಿ ವೇಗದಲ್ಲಿ ಕೆಲಸಕ್ಕೆ ಹೊರಟರೆ ಎಂಜಿನ್ 3,700ರಲ್ಲಿ ಒರಲುತ್ತದೆ. 3.23 ಆಗಿದ್ದರೆ 2,900 ಚಿಲ್ಲರೆ. ನಾಲ್ಕು ಗೇರಿನ ಪೆಟ್ಟಿಗೆ, ಅದರ ನಾಲ್ಕನೆಯದು ನೇರ ಒಂದಕ್ಕೊಂದು, ಮೇಲೆ ಎಂಜಿನ್ನಿನ ಸುತ್ತು ತಗ್ಗಿಸುವ ಓವರ್‌ಡ್ರೈವ್ ಇಲ್ಲ. ಭಾನುವಾರಕ್ಕೂ ಸೋಮವಾರಕ್ಕೂ ಅದೇ ಆ್ಯಕ್ಸಲ್. ಹೊಸದಾಗಿ ಅಂಕಿ ಬದಲಾಯಿಸಿದವನಿಗೆ ಸ್ಪೀಡೋಮೀಟರೂ ತಪ್ಪು ತೋರಿಸುತ್ತಿತ್ತು. 3.23 ತೆಗೆದು 4.10 ಹಾಕಿ, ಗೇರ್‌ಬಾಕ್ಸಿನ ಬಾಲದಲ್ಲಿರುವ ಪ್ಲಾಸ್ಟಿಕ್ಕಿನ ಪುಟ್ಟ ಗೇರು ಬದಲಿಸದೆ ಬಿಟ್ಟರೆ 60ರಲ್ಲಿ ಹೋಗುವಾಗ ಮುಳ್ಳು 76 ತೋರಿಸುತ್ತದೆ, ಓಡದ ಮೈಲಿಗಳೂ ಮೀಟರಿಗೆ ಏರುತ್ತವೆ.

ಕಂಪನಿಗಳು ಗಿರಾಕಿಯ ಬಾಯಿಂದ ಬಂದ ಅಂಕಿ ಕೇಳಿ ಅವನು ಎಂಥವನು ಎಂದು ಅಳೆಯುತ್ತಿದ್ದವು. ಎ.ಸಿ. ಬೇಕೆಂದವರಿಗೆ ಹಲವು ಕಡೆ ದೊಡ್ಡ ಅಂಕಿಯ ಆ್ಯಕ್ಸಲ್ ಕೊಡುತ್ತಿರಲಿಲ್ಲ, ಅಷ್ಟು ಸುತ್ತಿದರೆ ಕಂಪ್ರೆಸರ್ ಬಾಳುವುದಿಲ್ಲ ಎಂದು. ಇದಕ್ಕೆಲ್ಲ ಕಿರೀಟವಿಟ್ಟಂಥದ್ದು 1969ರ ಫೋರ್ಡ್ ಮಸ್ಟಾಂಗ್. 428 ಕೋಬ್ರಾ ಜೆಟ್ ಎಂಜಿನ್ ಬರೆಸಿದವನು 3.91 ಅಥವಾ 4.30 ಆ್ಯಕ್ಸಲ್ ಆರಿಸಿದರೆ ಅವನಿಗೆ ಎಂಜಿನ್ನೇ ಬೇರೆ ಬರುತ್ತಿತ್ತು. ಒಳಗೆ ಲೆ ಮಾನ್ಸ್ ಪಂದ್ಯದ ಮಾದರಿಯ ಗಟ್ಟಿ ಕನೆಕ್ಟಿಂಗ್ ರಾಡು, ಅದಕ್ಕೆ ತಕ್ಕಂತೆ ಸಮತೋಲ ಮಾಡಿದ ಕ್ರ್ಯಾಂಕು, ಮುಂದೆ ಆಯಿಲ್ ಕೂಲರು. ಹೆಸರು ಸೂಪರ್ ಕೋಬ್ರಾ ಜೆಟ್. ಕಾಗದದ ಮೇಲೆ ಎರಡಕ್ಕೂ ಅದೇ 335 ಕುದುರೆಶಕ್ತಿ. ಇಷ್ಟು ದೊಡ್ಡ ಅಂಕಿ ಕೇಳಿದವನು ಎಂಜಿನ್ನನ್ನು ತುದಿಯವರೆಗೆ ತಿರುಗಿಸಿಯೇ ತೀರುತ್ತಾನೆ ಎಂದು ಫೋರ್ಡಿನ ಎಂಜಿನಿಯರುಗಳು ಮೊದಲೇ ಅರಿತು ಅವನ ಎಂಜಿನ್ನನ್ನು ಕಾಪಾಡಿದರು. ಕುದುರೆಶಕ್ತಿಯ ಅಂಕಿಗಿಂತ ಆ್ಯಕ್ಸಲ್ ಅಂಕಿ ಹೆಚ್ಚು ನಿಜ ಹೇಳುತ್ತದೆ ಎಂದು ನಾನು ನಂಬುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಷೋರೂಮಿನ ಈ ಮಾತು ಹೇಳುವಾಗ ಆ ಹಲ್ಲುಗಳನ್ನು ಕತ್ತರಿಸಿದವರ ಮಾತನ್ನೂ ಹೇಳಲೇಬೇಕು, ಮಸಲ್ ಕಾರಿನ ಪುಸ್ತಕಗಳಲ್ಲಿ ಅವರು ಸಿಗುವುದಿಲ್ಲ. ಕ್ರೈಸ್ಲರಿನ ಆ್ಯಕ್ಸಲ್ಲುಗಳು ಬರುತ್ತಿದ್ದದ್ದು ಡೆಟ್ರಾಯಿಟ್‌ನ ಎಲ್ಡನ್ ಅವೆನ್ಯೂ ಕಾರ್ಖಾನೆಯಿಂದ. ಅಲ್ಲಿ ಹೆಚ್ಚಿನವರು ಕಪ್ಪು ಜನ. ಎಣ್ಣೆ ನಿಂತ ನೆಲ, ಹಳೆಯ ಯಂತ್ರಗಳು, ಕಡ್ಡಾಯದ ಓವರ್‌ಟೈಮು. ಅಲ್ಲಿನ ಕಾರ್ಮಿಕರು ಎಲ್ರಮ್ ಎಂಬ ಚಳವಳಿ ಕಟ್ಟಿ 1969ರಲ್ಲಿ ಕೆಲಸ ನಿಲ್ಲಿಸಿದರು, ಕಂಪನಿಯನ್ನೂ ತಮ್ಮದೇ ಯೂನಿಯನ್ನಿನ ನಾಯಕರನ್ನೂ ಒಟ್ಟಿಗೆ ಎದುರಿಸಿದರು. 1970ರ ಮೇ ತಿಂಗಳಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ್ದ 22 ವರ್ಷದ ಕಾರ್ಮಿಕನೊಬ್ಬ ಕೆಟ್ಟುಹೋಗಿದ್ದ ಫೋರ್ಕ್‌ಲಿಫ್ಟ್ ಕೆಳಗೆ ಸಿಕ್ಕಿ ಸತ್ತ. 3.91 ಎಂದು ಷೋರೂಮಿನಲ್ಲಿ ಒಬ್ಬ ಟಿಕ್ ಹಾಕಿದ ಗುರುತಿಗೆ ಇನ್ನೊಬ್ಬ ಇಂಥ ನೆಲದ ಮೇಲೆ ನಿಂತು ಹಲ್ಲು ಕತ್ತರಿಸಬೇಕಿತ್ತು. ಗೇರು ಕಾರ್ಖಾನೆಯ ನೆಲ ಎಷ್ಟು ಜಾರುತ್ತದೆ ಎಂದು ನನಗೆ ಗೊತ್ತು. ಹೀಗಾಗಿ ಈ ಚರಿತ್ರೆಯ ಒಂದು ಭಾಗವನ್ನು ಮಾತ್ರ ಸಂಭ್ರಮಿಸಲು ನನ್ನಿಂದ ಆಗುವುದಿಲ್ಲ.

ಆಮೇಲಿನದು ಬೇಗ ನಡೆದುಹೋಯಿತು. 1973ರ ಕೊನೆಗೆ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. 1974ರ ಜನವರಿಯಲ್ಲಿ ದೇಶದಾದ್ಯಂತ 55 ಮೈಲಿಯ ವೇಗಮಿತಿ ಕಾನೂನಾಯಿತು. 1975ರ ಕಾಯ್ದೆಯಂತೆ 1978ರ ಮಾದರಿಯಿಂದ ಪ್ರತಿ ಕಂಪನಿಯೂ ತನ್ನ ಕಾರುಗಳ ಸರಾಸರಿ ಮೈಲೇಜನ್ನು ಗ್ಯಾಲನ್ನಿಗೆ 18 ಮೈಲಿಗೆ ಏರಿಸಬೇಕಾಯಿತು. ಹೊಸ ಎಂಜಿನ್ ಮಾಡಲು ವರ್ಷಗಳು ಬೇಕು, ಕ್ರೌನ್-ಪಿನಿಯನ್ ಬದಲಿಸಲು ತಿಂಗಳುಗಳು ಸಾಕು. ಕಂಪನಿಗಳು ಮೊದಲು ಕೈಯಿಟ್ಟದ್ದು ಅಲ್ಲಿಗೇ. 1979ರ ಪಾಂಟಿಯಾಕ್ ಟ್ರಾನ್ಸ್ ಆ್ಯಮ್, ಬಾನೆಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಒಳಗೆ 403 ಘನ ಇಂಚಿನ ಎಂಜಿನ್, ಆಟೊಮ್ಯಾಟಿಕ್ ಗೇರು, ಹಿಂದೆ 2.41 ಆ್ಯಕ್ಸಲ್. 55 ಮೈಲಿಯಲ್ಲಿ ಆ ಎಂಜಿನ್ 1,700ರ ಹತ್ತಿರ ಸುತ್ತುತ್ತದೆ, ಹೆಚ್ಚುಕಡಿಮೆ ನಿದ್ದೆ. ಆ ಕಾಲದ ಕಾರುಗಳಿಗೆ ಬಲವೇ ಇರಲಿಲ್ಲ ಎಂದು ಹಳಿಯುವವರು ಎಂಜಿನ್ನನ್ನು ಹಳಿಯುತ್ತಾರೆ, ಅದು ಅರ್ಧ ಮಾತ್ರ ಸರಿ. ಅಂಥ ಕಾರಿಗೆ 3.42 ಹಾಕಿಸಿಕೊಂಡವರು ಅದೇ ಎಂಜಿನ್ ಬೇರೆಯದೇ ಕಾರಾಗಿ ಎದ್ದದ್ದನ್ನು ಕಂಡಿದ್ದಾರೆ.

ಅದೇ ಒತ್ತಡವೇ ಹಳೆಯ ಗಂಟನ್ನು ಬಿಚ್ಚಿದ್ದೂ ಹೌದು. ಮೈಲೇಜಿಗಾಗಿ ಓವರ್‌ಡ್ರೈವ್ ಇರುವ ಗೇರ್‌ಬಾಕ್ಸುಗಳು ಬಂದವು. 1980ರಲ್ಲಿ ಫೋರ್ಡಿನ ಆಟೊಮ್ಯಾಟಿಕ್, 1982ರಲ್ಲಿ ಜನರಲ್ ಮೋಟರ್ಸಿನ 700-ಆರ್4, 1983ರಲ್ಲಿ ಮಸ್ಟಾಂಗಿಗೆ ಬೋರ್ಗ್-ವಾರ್ನರ್‌ನ ಐದು ಗೇರಿನ ಟಿ-5. ಮಸ್ಟಾಂಗಿನ ಟಿ-5 ಪೆಟ್ಟಿಗೆಯ ಐದನೆಯ ಗೇರು 0.68. ಕಂಪನಿ 2.73 ಅಥವಾ 3.08 ಆ್ಯಕ್ಸಲ್ ಹಾಕಿ ಕಳಿಸುತ್ತಿತ್ತು, ಹುಡುಗರು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಕಿತ್ತು 3.73 ಹಾಕಿಸುವುದು. 26 ಇಂಚಿನ ಟೈರು, 70 ಮೈಲಿ ವೇಗ, ಐದನೆಯ ಗೇರಿನಲ್ಲಿ 3.73 ಇದ್ದರೂ ಎಂಜಿನ್ 2,300ಕ್ಕೆ ನಿಲ್ಲುತ್ತದೆ. ವುಡ್‌ವರ್ಡ್‌ನ ಹುಡುಗರು ಭಾನುವಾರ ಅಥವಾ ಸೋಮವಾರ ಎಂದು ಆರಿಸಬೇಕಿದ್ದದ್ದು ಇವರಿಗೆ ಎರಡೂ ದಕ್ಕಿತು. ಈಗ ಮಸ್ಟಾಂಗಿನ ಆಟೊಮ್ಯಾಟಿಕ್‌ಗೆ ಹತ್ತು ಗೇರು, ಮೊದಲನೆಯದು 4.70. ಹಿಂದೆ 3.15 ಆ್ಯಕ್ಸಲ್ ಇದ್ದರೂ ಮೊದಲ ಗೇರಿನಲ್ಲಿ ಒಟ್ಟು 14.8 ಪಾಲು ಎಳೆತ. 1960ರ ದಶಕದಲ್ಲಿ 4.56 ಹಾಕಿಸಿದವನಿಗೂ ಅದು ಕನಸು.

ಇಂದಿಗೂ ಹಳೆಯ ಕಾರು ಕೊಂಡ ಹುಡುಗರು ನನ್ನ ಹತ್ತಿರ ಬರುತ್ತಾರೆ, ಅವರಲ್ಲಿ ನಮ್ಮ ಕನ್ನಡದ ಮಕ್ಕಳೂ ಇದ್ದಾರೆ. “ಅಂಕಲ್, 4.10 ಹಾಕಿಸ್ಲಾ?” ಎಂದು ಕೇಳುತ್ತಾರೆ. ಮೊದಲು ಈಗ ಎಷ್ಟಿದೆ ನೋಡಪ್ಪ ಎನ್ನುತ್ತೇನೆ. ಹೌಸಿಂಗ್ ಬಿಚ್ಚಬೇಕಿಲ್ಲ. ಸಾದಾ ಡಿಫರೆನ್ಷಿಯಲ್ ಆದರೆ ಹಿಂದಿನ ಒಂದು ಚಕ್ರವನ್ನಷ್ಟೇ ಜಾಕಿನಿಂದ ಎತ್ತಿ, ಅದನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿದರೆ ಅದೇ ಅಂಕಿ. ಆಮೇಲೆ ಟೈರಿನ ವ್ಯಾಸ ಕೇಳುತ್ತೇನೆ, ಏಕೆಂದರೆ 26 ಇಂಚು ತೆಗೆದು 28 ಇಂಚು ಹಾಕಿದವನ 4.10 ನಿಜಕ್ಕೂ 3.81 ಆಗಿಹೋಗಿರುತ್ತದೆ. ಕೊನೆಗೆ ಗೇರ್‌ಬಾಕ್ಸಿನ ಮೊದಲ ಗೇರು ಎಷ್ಟು ಎಂದು ಕೇಳುತ್ತೇನೆ. ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ.

ಉತ್ತರವೆಲ್ಲ ಇರುವುದು ಅಲ್ಲಿಯೇ. ಜನರಲ್ ಮೋಟರ್ಸಿನ ಮನ್ಸಿ ಎಂಬ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ, 1966ರಿಂದಾಚೆಯದಾದರೆ, ಮೊದಲ ಗೇರಿನ ಅಂಕಿ ಎರಡು ಬಗೆಯದು. ಎಂ21ರ ಮೊದಲ ಗೇರು 2.20, ಎಂ20ರದು 2.52. ಎಂ21ಕ್ಕೆ 4.10 ಆ್ಯಕ್ಸಲ್ ಹಾಕಿದರೆ ಮೊದಲ ಗೇರಿನಲ್ಲಿ ಒಟ್ಟು 9.02. ಎಂ20ಕ್ಕೆ 3.55 ಹಾಕಿದರೆ 8.95. ಸಿಗ್ನಲ್ಲಿನಿಂದ ಎರಡೂ ಒಂದೇ ಹಾಗೆ ಎದ್ದು ಹೋಗುತ್ತವೆ. ಮಿಷಿಗನ್ ಹೆದ್ದಾರಿಯ 70 ಮೈಲಿಯಲ್ಲಿ ಮಾತ್ರ ಮೊದಲನೆಯದು 3,700, ಎರಡನೆಯದು 3,200. ಕಾಲು ಮೈಲಿ ಮೈದಾನಕ್ಕೆ ಪ್ರತಿ ವಾರ ಹೋಗುವವನಾದರೆ ಎಂ21, 4.10. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವವನಾದರೆ ಎಂ20, 3.55, ಮತ್ತು ಸ್ಪೀಡೋಮೀಟರಿನ ಪ್ಲಾಸ್ಟಿಕ್ ಗೇರನ್ನು ಅದೇ ದಿನ ಬದಲಾಯಿಸಿಬಿಡು ಎಂದು ಹೇಳಿ ಕಳಿಸುತ್ತೇನೆ.